ಬಾಗಿಲಿಗೊಂದು ದನಿ

ಕಲ್ಯಾಣಪ್ಪ ಸ್ಟೂಲು ಹತ್ತಿ ತಲೆಬಾಗಿಲ ಗಾಳಿಗಂಟೆಯ ದಾರ ಕೊಯ್ದ. ಕೊಳವೆಗಳೆಲ್ಲ ಒಮ್ಮೆಗೇ ನೆಲಕ್ಕೆ ಬಿದ್ದ ಸದ್ದಿಗೆ, ಗೋಡೆಗೊರಗಿ ಕೂತಿದ್ದ ಅಮೃತಪ್ಪ ಬೆಚ್ಚಿ ಎದ್ದು ನಿಂತ.

"ಯಾರದು? ಏನ್ ಬಿತ್ತು?"

"ನಾನು ಮಾಮಾ, ಕಲ್ಯಾಣಿ. ಅಕ್ಕನ್ನ ವಿಮಾನದಾಗ ಕುಂದ್ರಿಸಿ, ಹೊತಗೊಂಡು ಮಣ್ಣಿಗೆ ಒಯ್ಯಬೇಕಲ್ಲ. ಇವು ತಲಿಗೆ ತಾಕ್ತಾವ."

ಬೆಳಿಗ್ಗೆ ಫೋನ್ ಬೂತಿನಿಂದ ಸುದ್ದಿ ಹೋದ ಕೂಡಲೇ ನಾರಾಯಣಗೂಡದಿಂದ ಓಡಿಬಂದಿದ್ದ, ಹೆಂಡತಿ ತುಳಸಾಬಾಯಿಯ ತಮ್ಮ ಅವನು. ಅವಳು ಹೊರಡುವ ಹೊತ್ತಿನಲ್ಲಿ ಗಂಟೆಗಳ ಮಾತೆತ್ತಲು ಅಮೃತಪ್ಪನಿಗೆ ನಾಚಿಕೆಯಾಯಿತು. ಸಾವಿನ ಮನೆಯಲ್ಲಿ ಕಿಣಿಕಿಣಿ ಚೆಂದವಲ್ಲ ಎಂದು ಹಿರಿಯರು ಯಾರೋ ಅಂದರು. ಅಡುಗೆಮನೆಯದು, ಬಚ್ಚಲಿನದು, ಮಲಗುವ ಕೋಣೆಯದು, ಒಂದೊಂದಾಗಿ ಇಳಿದದ್ದು ಅವನ ಕಿವಿಗೆ ಬಿತ್ತು.

*

ಸಕ್ಕರೆ ಕಾಯಿಲೆ ಕಣ್ಣು ತಿಂದುಹಾಕಿದ ವರ್ಷ, ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ಅಮೃತಪ್ಪ ತನ್ನ ಮನೆಯಲ್ಲೇ ದಾರಿ ತಪ್ಪುತ್ತಿದ್ದ. ಒಂದು ಮುಂಜಾನೆ ಬಚ್ಚಲೆಂದುಕೊಂಡು ದೇವರ ಜಗಲಿಯ ಮುಂದೆ ಒಂದಕ್ಕೆ ನಿಂತುಬಿಟ್ಟ. ಕಾಲಿಗೆ ದೀಪ ತಾಗಿ ಉರುಳಿದಾಗ ಗೊತ್ತಾಗಿ, ಅಲ್ಲೇ ಕುಸಿದು ಅತ್ತ.

ತುಳಸಾಬಾಯಿ ನೆಲ ಒರೆಸಿದಳು. ಮರುದಿನ ಕುಷಾಯಿಗೂಡದ ಗುಜರಿ ಅಂಗಡಿಯಿಂದ ಅಲ್ಯೂಮಿನಿಯಂ ಕೊಳವೆ ತಂದಳು. ಅವಳ ತವರಿನ ಗುಡಿಯ ಸೂರಿಗೆ ಗಾಳಿಗಾಡುವ ಸಣ್ಣ ಗಂಟೆಗಳಿದ್ದವಂತೆ. ಕತ್ತಲಾದ ಮೇಲೆ ಆ ಸದ್ದು ಹಿಡಿದೇ ಹೊಲದಿಂದ ಮನೆಗೆ ಬರುತ್ತಿದ್ದಳಂತೆ. ಮೊದಲು ಮಾಡಿದ ಗಂಟೆ ಡಬ್ಬಿ ಬಡಿದಂತೆ ಕೇಳಿತು. ದಾರ ಪೋಣಿಸುವ ತೂತನ್ನು ತುದಿಯಿಂದ ಸ್ವಲ್ಪ ಸ್ವಲ್ಪ ಕೆಳಗೆ ಕೊರೆಯುತ್ತ ಹೋದಂತೆ ನಾದ ಬಿಚ್ಚಿಕೊಂಡಿತು. ಉದ್ದ ಕೊಳವೆಗಳ ದಪ್ಪ ದನಿ ತಲೆಬಾಗಿಲಿಗೆ, ಗಿಡ್ಡ ಕೊಳವೆಗಳದು ಅಡುಗೆಮನೆಗೆ, ಬಿದಿರಿನ ಟಕಟಕ ಬಚ್ಚಲಿಗೆ, ಒಡೆದ ಬಳೆಗಳದು ಮಲಗುವ ಕೋಣೆಗೆ. ಫ್ಯಾನಿನ ಗಾಳಿಗೆ ನಾಲ್ಕೂ ಆಡಿದವು.

"ಅಡಗಿಮನಿ ಎಲ್ಲೈತಿ ಹೇಳ್ರಿ" ಎಂದಳು. ಅವನು ಬೆರಳು ತೋರಿಸಿದ.

"ಇನ್ನ ನಾ ಕಾಯಿಪಲ್ಲೆಕ್ಕ ಹೋಗಿ ಬರಬಹುದು" ಎಂದು ಚೀಲ ಹಿಡಿದು ಹೊರಟಳು.

*

ಮಣ್ಣು ಮಾಡಿ ಬಂದ ಮೇಲೆ, ಕಲ್ಯಾಣಪ್ಪನ ಹೆಂಡತಿ ನೀಲಾ ಗಂಟೆಗಳನ್ನೆಲ್ಲ ತುಂಬಿಟ್ಟಿದ್ದ ಚೀಲವನ್ನು ಅಮೃತಪ್ಪನ ಕೈಗಿತ್ತಳು. ಕೊಳವೆ, ಬಿದಿರು, ಬಳೆ ಎಲ್ಲ ಒಂದಕ್ಕೊಂದು ಸಿಕ್ಕಾಗಿದ್ದವು. ಅವನು ಬಹಳ ಹೊತ್ತು ತಡಕಾಡಿದ. ಒಂದು ಗಂಟೂ ಬಿಚ್ಚಲಿಲ್ಲ.

"ಇವನ್ನ ಮತ್ತ ಕಟ್ಟತಿಯೇನಪಾ, ಕಲ್ಯಾಣಿ?"

ಕಲ್ಯಾಣಪ್ಪ ಪಕ್ಕಕ್ಕೆ ಬಂದು ಕೂತು ಹೆಗಲ ಮೇಲೆ ಕೈಯಿಟ್ಟ.

"ಯಾಕ್ರಿ ಮಾಮಾ? ಒಬ್ಬರ ಇಲ್ಲಿ ಹೆಂಗ ಇರ್ತೀರಿ? ದಿವಸ ಮುಗದ ಮ್ಯಾಲ ನಮ್ಮ ಮನಿಗೆ ಬರ್ರಿ. ಎಲ್ಲಿ ಹೋಗಬೇಕಂದ್ರೂ ಕೈ ಹಿಡದು ಕರಕೊಂಡು ಹೋಗ್ತೀವಿ."

ಅದು ಪ್ರೀತಿಯ ಮಾತೇ ಆಗಿತ್ತು. ಬೇಡವೆನ್ನಲು ಅಮೃತಪ್ಪನಿಗೆ ಕಾರಣ ಸಿಗಲಿಲ್ಲ. "ಹೂಂ" ಎಂದ.

ಸಂಜೆ ನೆರೆಯವರೂ ಕಾರ್ಖಾನೆಯ ಹಳೆಯ ಗೆಳೆಯರೂ ಎದ್ದರು. ಸಾವಿನ ಮನೆಯಿಂದ ಹೊರಡುವವರು ಬರುತ್ತೇವೆ ಎನ್ನುವುದಿಲ್ಲ. ಚಪ್ಪಲಿ ಮೆಟ್ಟುವ ಸದ್ದು ಕೇಳಿ ಅಮೃತಪ್ಪನೂ ಎದ್ದ. ಎತ್ತ ತಿರುಗುವುದೆಂದು ಒಂದು ಗಳಿಗೆ ತಡವರಿಸಿ, ಕೈ ಮುಗಿದ.

ಕೊನೆಯವರೂ ಮೆಟ್ಟಿಲಿಳಿದು ಹೋದರು. ಚಹಾ ತಂದ ನೀಲಾ ಅಲ್ಲೇ ನಿಂತುಬಿಟ್ಟಳು. ಅಮೃತಪ್ಪ ಬಾಗಿಲಿಗೆ ಬೆನ್ನು ಹಾಕಿ, ಬರಿಯ ಗೋಡೆಗೆ ಮತ್ತೆ ಮತ್ತೆ ತಲೆ ಬಾಗಿಸಿ, ಒಬ್ಬೊಬ್ಬರನ್ನೇ ಬೀಳ್ಕೊಡುತ್ತಿದ್ದ.