ಹೊಳಬಸಪ್ಪನ ಕಟ್ಟೆ, ಎರಡೂವರೆ ಫೂಟು

ಬನಹಟ್ಟಿಯ ಆ ಓಣಿಗೆ ಕಿವಿ ಬರುವುದು ಕರೆಂಟ್ ಹೋದಾಗ ಮಾತ್ರ. ಉಳಿದ ಹೊತ್ತು ಎಡಕ್ಕೂ ಬಲಕ್ಕೂ ಮಗ್ಗಗಳು ಖಟಖಟ ಅನ್ನುತ್ತಲೇ ಇರುತ್ತವೆ. ಗಂಡ ಹೆಂಡತಿ ಜಗಳಾಡಿದರೂ ಕೈಸನ್ನೆಯಲ್ಲೇ. ಕರೆಂಟ್ ಹೋಯಿತು ಅಂದರೆ ಹೊಳಬಸಪ್ಪ ಮಗ್ಗ ಬಿಟ್ಟು ಏಳುತ್ತಾನೆ, ಮೀಸೆಗೆ ಅಂಟಿದ ನೂಲಿನ ಧೂಳು ಜಾಡಿಸುತ್ತಾನೆ, ಬಗಲಲ್ಲಿ ಪುಸ್ತಕ ಹಿಡಿದು ಮನೆ ಮುಂದಿನ ಕಟ್ಟೆಯ ಮೇಲೆ ಬಂದು ಕೂರುತ್ತಾನೆ. ಆಗ ಓಣಿಯ ಕೋರ್ಟು ಶುರು.

ಪುಸ್ತಕ ಅವನು ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದು. ನಮ್ಮ ರಾಜ್ಯದ ಕಾಯ್ದೆಗಳಲ್ಲಿ ಸಾಮಾನ್ಯ ಜನರಿಗೆ ದಿನಾ ಬೇಕಾಗುವಂಥವನ್ನು ತಿಳಿಗನ್ನಡದಲ್ಲಿ ಬರೆದಿಟ್ಟ ಪುಸ್ತಕ. ರಟ್ಟು ಹರಿದು ಹೋದ ಮೇಲೆ ತನ್ನದೇ ಮಗ್ಗದ ಸೀರೆಯ ಸೆರಗಿನ ತುಂಡಿನಿಂದ ಹೊಲಿದುಕೊಂಡಿದ್ದಾನೆ. ಊರ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವನು ಅವನು, ಆದರೆ ಆ ಪುಸ್ತಕದ ಯಾವ ಪುಟ ಕೇಳಿದರೂ ಕಣ್ಣು ಮುಚ್ಚಿ ಹೇಳುತ್ತಾನೆ. ಹೇಳುವುದು ಮಾತ್ರ ಬೈದಂತೆ ಇರುತ್ತದೆ.

"ಕಾಕಾ, ತಂಗಿ ಪಾಲು ಕೇಳಾಕತ್ತಾಳ. ಮದುವಿ ಮಾಡಿ ಕೊಟ್ಟೇವಿ, ಸೀರಿ ಉಡಿಸೇವಿ, ಇನ್ನ ಎಂಥಾ ಪಾಲರೀ?" ಅಂತ ಒಬ್ಬ ಕೇಳಿದರೆ, "ಸೀರಿ ಉಡಿಸಿದ್ರ ಪಾಲು ಹೋಗತೈತೇನಲೇ? ಮಗಳಂದ್ರ ಮಗನಷ್ಟ! ದಿಲ್ಲಿಯವರು ಎಚ್ಚರಾಗೂದಕಿಂತ ಹತ್ತ ವರ್ಷ ಮೊದಲ ನಮ್ಮ ರಾಜ್ಯದಾಗ ಆ ಮಾತು ಎತ್ತ್ಯಾರ. ಹೋಗು, ಕರದು ಕುಂಡ್ರಿಸಿ ಮಾತಾಡು" ಅನ್ನುತ್ತಾನೆ.

ಆಚೆ ಓಣಿಯ ಶಿವಾಜಿ ನೂರು ರೂಪಾಯಿ ಬಾಂಡ್ ಕಾಗದದ ಮೇಲೆ ರಬಕವಿಯಲ್ಲಿ ಜಾಗ ಹಿಡಿದು ಪೇಡೆ ಹಂಚಲು ಬಂದ ದಿನ, ಹೊಳಬಸಪ್ಪ ಪೇಡೆ ಮುಟ್ಟಲಿಲ್ಲ. "ನೋಂದಣಿ ಆಗೇತೇನು? ಇಲ್ಲಾ? ಹಂಗಾರ ನೀ ಕೊಂಡಿದ್ದು ಜಾಗಾ ಅಲ್ಲ, ಕಾಗದ. ನೋಂದಣಿ ಮಾಡಿಸಿ ಬಾ, ತಿಂತೇನಿ." ಶಿವಾಜಿ ಸಿಟ್ಟಾಗಿ ಹೋದ, ತಿಂಗಳ ಮೇಲೆ ನೋಂದಣಿ ಮುಗಿಸಿ ಎರಡು ಪೇಡೆ ತಂದ. ಬಾಡಿಗೆದಾರನ ನೀರು, ಕರೆಂಟ್ ಕತ್ತರಿಸುತ್ತೇನೆ ಅಂದ ಮಾಲೀಕನಿಗಂತೂ ಕಟ್ಟೆಯಿಂದಲೇ ಪುಸ್ತಕ ಎಸೆಯಲು ಎತ್ತಿದ್ದ. ಎಸೆಯಲಿಲ್ಲ. ಪುಸ್ತಕಕ್ಕೆ ಪೆಟ್ಟಾದೀತು ಅಂತ.

ಹೀಗೆ ಅವನಿಗೆ 'ವಕೀಲ' ಅಂತ ಹೆಸರು ಬಿತ್ತು. ಎಲ್ಲರೂ ಮರ್ಯಾದೆಯಿಂದ ಕರೆಯುತ್ತಿದ್ದರು. ಎದುರು ಮನೆಯ ಈರಪ್ಪ ಮಾತ್ರ ಆ ಹೆಸರನ್ನು ಮೂಗಿನಿಂದ ಹೇಳುತ್ತಿದ್ದ.

ಓಣಿಯ ಕೊನೆಗೆ, ಮುಂದೆ ದಾರಿಯೇ ಇಲ್ಲದ ಕಡೆ, ಮುತ್ತವ್ವನ ಮನೆ. ಗಂಡ ತೀರಿದ ಮೇಲೆ ಎರಡು ಮಗ್ಗ ಒಬ್ಬಳೇ ನಡೆಸುತ್ತಾಳೆ. ಕೂಲಿಗೆ ನೇಯಿಸುವ ಸಾವಕಾರರು ಹಾಸಿನ ನೂಲು ಸುತ್ತಿದ ದೊಡ್ಡ ಕಬ್ಬಿಣದ ಉರುಳೆಯನ್ನು ಟೆಂಪೊದಲ್ಲಿ ಕಳಿಸುತ್ತಾರೆ. ಬೀಮ್ ಅನ್ನುತ್ತಾರೆ ಅದಕ್ಕೆ. ಟೆಂಪೊ ಓಣಿಯ ಬಾಯಿಯವರೆಗೆ ಬರುತ್ತದೆ. ಈರಪ್ಪನ ಮನೆಯ ಹತ್ತಿರ ಸಿಕ್ಕಿಕೊಳ್ಳುತ್ತದೆ. ಹೋದ ವರ್ಷ ಈರಪ್ಪ ಹೊಸದಾಗಿ ಸಿಮೆಂಟಿನ ಪಾವಟಿಗೆ ಕಟ್ಟಿಸಿದ್ದ. ಡ್ರೈವರ್‌ಗಳೆಲ್ಲ ಆ ಮೆಟ್ಟಿಲಿನ ಮೂಲೆಗೆ ಬೈದು ಹಿಂದಕ್ಕೆ ಹೋಗುತ್ತಿದ್ದರು. ಅಲ್ಲಿಂದ ಇಬ್ಬರು ಆಳು ಬೀಮನ್ನು ಹೆಗಲ ಮೇಲೆ ಹೊತ್ತು ತರಬೇಕು. ಹೋದ ತಿಂಗಳು ಒಬ್ಬನ ಕಾಲು ಜಾರಿತು, ಬೀಮ್ ಬಿತ್ತು, ಸಾವಿರಾರು ಎಳೆ ಹರಿದವು. ಮುತ್ತವ್ವ ನಾಲ್ಕು ದಿನ ಕುಳಿತು ಎಳೆ ಎಳೆ ಗಂಟು ಹಾಕಿದಳು. ಈಗ ಸಾವಕಾರರು ಕಡ್ಡಿ ಮುರಿದಂತೆ ಹೇಳಿ ಕಳಿಸಿದರು: ಬರುವ ಸೋಮವಾರ ಹೊಸ ಬೀಮ್ ಬರುತ್ತದೆ, ಟೆಂಪೊ ಬಾಗಿಲಿಗೆ ಮುಟ್ಟಿದರೆ ಇಳಿಸುತ್ತಾರೆ, ಇಲ್ಲವಾದರೆ ಬೇರೆಯವರ ಮಗ್ಗಕ್ಕೆ ಹೋಗುತ್ತದೆ. ಬೀಮ್ ಇಲ್ಲದ ಮಗ್ಗ ಅಂದರೆ ಒಲೆ ಆರಿದ ಮನೆ.

ಬೀಮ್ ಬಿದ್ದ ದಿನವೇ ಹೊಳಬಸಪ್ಪ ಈರಪ್ಪನ ಬಾಗಿಲಿಗೆ ಹೋಗಿ ನಿಂತಿದ್ದ.

"ಪಾವಟಿಗಿ ತೆಗಿ."

"ಯಾಕಲೇ ವಕೀಲ? ನಮ್ಮ ಅಜ್ಜನ ಕಾಲದಿಂದ ಇಲ್ಲೆ ಪಾವಟಿಗಿ ಐತಿ. ನಾ ಸಿಮಿಟ್ ಹಾಕೇನಿ ಅಷ್ಟ."

"ನಿಮ್ಮಜ್ಜ ಕುಂತ್ರೂ ಅಷ್ಟ, ನಿಮ್ಮ ಮುತ್ತಜ್ಜ ಕುಂತ್ರೂ ಅಷ್ಟ. ಎಷ್ಟ ವರ್ಷ ಕುಂತ್ರೂ ಓಣಿ ನಿಂದಾಗೂದಿಲ್ಲ! ಓಣಿ ಎಲ್ಲಾರದು!" ಹೊಳಬಸಪ್ಪನ ಧ್ವನಿ ಹತ್ತು ಮಗ್ಗದ ಸದ್ದನ್ನು ಮೀರಿ ಹೋಯಿತು. ಓಣಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲರೂ ಕೇಳಿದರು.

"ಆತು, ಅಳಸು ಹಂಗಾರ," ಅಂದ ಈರಪ್ಪ.

ಹೊಳಬಸಪ್ಪ ತನ್ನ ಕೈಯಿಂದಲೇ ಅರ್ಜಿ ಬರೆದ. ಓಣಿಯನ್ನು ನಕಾಶೆಯ ಪ್ರಕಾರ ಅಳೆದು, ಯಾರು ಒತ್ತಿದ್ದರೂ ತೆರವು ಮಾಡಿಸಬೇಕು ಅಂತ. 'ಯಾರು' ಅನ್ನುವ ಶಬ್ದದ ಕೆಳಗೆ ಎರಡು ಗೆರೆ ಹೊಡೆದ. ನಗರಸಭೆಗೆ ಹೋಗಿ ಕೊಟ್ಟ, ಅರ್ಜಿ ಮುಟ್ಟಿದ್ದಕ್ಕೆ ಪಾವತಿ ಚೀಟಿ ಕೇಳಿ ಪಡೆದ, ಎಷ್ಟು ದಿನದಲ್ಲಿ ಕೆಲಸ ಆಗಬೇಕು ಅಂತ ಪಾವತಿಯ ಮೇಲೆ ಬರೆಸಿಕೊಂಡ. ಆಮೇಲೆ ದಿನ ಬಿಟ್ಟು ದಿನ ಹೋಗಿ ಮೇಜಿನ ಮುಂದೆ ನಿಂತ. ಮಾತಾಡಲಿಲ್ಲ, ಪಾವತಿ ತೋರಿಸಿದ ಅಷ್ಟೇ. ಬೀಮ್ ಬರುವ ಸೋಮವಾರಕ್ಕೆ ಮುಂಚಿನ ಶುಕ್ರವಾರ ಓಣಿ ಅಳೆಯುವ ಮೋಜಣಿದಾರರು ಬಂದರು.

ಬಂದವರು ಮೇಘಾ ಅನ್ನುವ ತೇರದಾಳದ ಹುಡುಗಿ. ತಲೆಗೆ ಟೊಪ್ಪಿಗೆ, ಕೈಯಲ್ಲಿ ನಕಾಶೆಯ ಸುರುಳಿ. ಜೊತೆಗೆ ಟೇಪು ಹಿಡಿಯಲು ಇಬ್ಬರು. ಅಂದು ಕರೆಂಟ್ ಇತ್ತು. ಆದರೂ ಓಣಿಯವರು ತಾವಾಗಿಯೇ ಮಗ್ಗ ನಿಲ್ಲಿಸಿ ಹೊರಗೆ ಬಂದರು. ಹೊಳಬಸಪ್ಪ ಬಿಳಿ ಅಂಗಿ ಹಾಕಿದ್ದ. ಕಟ್ಟೆಯ ಮೇಲೆ ಪುಸ್ತಕ ತೊಡೆಗಿಟ್ಟುಕೊಂಡು, ನ್ಯಾಯಾಧೀಶನಂತೆ ನೆಟ್ಟಗೆ ಕುಳಿತಿದ್ದ.

"ನಕಾಶಿ ಪ್ರಕಾರ ಓಣಿ ಒಂಬತ್ತ ಫೂಟ್ ಅದರಿ," ಅಂದಳು ಮೇಘಾ. ಮೊದಲು ಈರಪ್ಪನ ಕಡೆ ಅಳೆದರು. "ಪಾವಟಿಗಿ ಒಂದ ಫೂಟ್ ಹೊರಗ ಅದರಿ."

ಹೊಳಬಸಪ್ಪ ಈರಪ್ಪನ ಮುಖ ನೋಡಿ ಮೀಸೆ ತಿರುವಿದ.

"ಕಾಕಾ, ಸ್ವಲ್ಪ ಏಳ್ರಿ," ಅಂದಳು ಮೇಘಾ.

"ಯಾಕವ್ವಾ?"

"ಈ ಕಡೀನೂ ಅಳೀಬೇಕಲ್ಲರಿ. ನೀವ ಬರದೀರಿ, 'ಯಾರು ಒತ್ತಿದ್ದರೂ' ಅಂತ. ಎರಡ ಗೆರಿ ಬ್ಯಾರೆ ಹೊಡದೀರಿ."

ಹೊಳಬಸಪ್ಪ ಎದ್ದ. ಟೇಪು ಗೋಡೆಗೆ ತಾಗಿತು, ಕಟ್ಟೆಯ ಮೇಲೆ ಹರಿಯಿತು, ಅಂಚು ದಾಟಿತು. ಮೇಘಾ ಬಗ್ಗಿ ನೋಡಿದಳು. "ಕಟ್ಟಿ ಪೂರಾ ಓಣ್ಯಾಗ ಅದರಿ. ಎರಡೂವರಿ ಫೂಟ್."

ಎಲ್ಲರ ಕಣ್ಣೂ ಕಟ್ಟೆಯ ಮೇಲೆ ಬಿದ್ದವು, ಅದನ್ನು ಈಗಷ್ಟೇ ಯಾರೋ ತಂದಿಟ್ಟಂತೆ. ಈರಪ್ಪನ ಸಿಮೆಂಟು ಹೊಸದು, ಚುಚ್ಚುತ್ತಿತ್ತು, ಎಲ್ಲರೂ ಬೈದರು. ಕಟ್ಟೆ ಹಳೆಯದು. ಕೂತು ಕೂತು ನುಣುಪಾದ ಕರಿಕಲ್ಲು. ಹುಟ್ಟಿದಾಗಿನಿಂದ ನೋಡಿದ್ದನ್ನು ಯಾರು ನೋಡುತ್ತಾರೆ?

"ನಕಾಶಿ ತಪ್ಪೈತಿ!" ಹೊಳಬಸಪ್ಪ ಗುಡುಗಿದ. "ಮತ್ತೊಮ್ಮಿ ಅಳೀರಿ!"

ಮತ್ತೊಮ್ಮೆ ಅಳೆದರು. ಈ ಸಲ ಎರಡೂವರೆ ಫೂಟಿನ ಮೇಲೆ ಅರ್ಧ ಇಂಚು ಬಂತು.

"ಮತ್ತೊಮ್ಮಿ ಅಳಸಬ್ಯಾಡಲೇ ವಕೀಲ," ಅಂದ ಈರಪ್ಪ, ಹೊಟ್ಟೆ ಹಿಡಿದುಕೊಂಡು. "ಹಿಂಗ ಅಳಸ್ಕೋತ ಹೋದ್ರ ಪಡಸಾಲಿನೂ ಹೋಗತೈತಿ! ಏನಂದಿದ್ದಿ ನನಗ? ಎಷ್ಟ ವರ್ಷ ಕುಂತ್ರೂ ಓಣಿ ನಿಂದಾಗೂದಿಲ್ಲ. ಓಣಿ ಎಲ್ಲಾರದು. ಖರೆ ಮಾತು ಬಿಡಪಾ, ಛಲೋ ಹೇಳಿದ್ದಿ!"

ಓಣಿ ನಕ್ಕಿತು. ಹೊಳಬಸಪ್ಪನ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತು.

ಮೇಘಾ ಕಾಗದ ಬರೆದುಕೊಳ್ಳುತ್ತ ಮೆಲ್ಲಗೆ ಹೇಳಿದಳು: "ಇಬ್ಬರಿಗೂ ನೋಟಿಸ್ ಬರ್ತದರಿ ಕಾಕಾ. ತಕರಾರಿದ್ರ ಬರದು ಕೊಡ್ರಿ. ನಿಮಗ ಗೊತ್ತಿದ್ದದ್ದ ಅದ."

ಗೊತ್ತಿತ್ತು. ಅದೂ ಪುಸ್ತಕದಲ್ಲಿತ್ತು. ಶಿವಾಜಿ ಹತ್ತಿರ ಬಂದು ಕಿವಿಯಲ್ಲಿ ಉಸುರಿದ: "ಕಾಕಾ, ಕೋರ್ಟಿಗೆ ಹೋಗಿ ತಡೆಯಾಜ್ಞೆ ತಗೊಳ್ರಿ. ಆರೇಳ ವರ್ಷ ಎಳೀಬಹುದು. ಯಾಂವ ಏನ್ ಮಾಡ್ತಾನ?" ಅದೂ ಗೊತ್ತಿತ್ತು. ಯಾವ ಪುಟ ಅನ್ನುವುದೂ ಗೊತ್ತಿತ್ತು.

ಅವನು ಕಟ್ಟೆಯ ಮೇಲೆ ಕೈ ಇಟ್ಟ. ಅಪ್ಪ ಬೀಳಗಿ ಕಡೆಯಿಂದ ಚಕ್ಕಡಿಯಲ್ಲಿ ಹೇರಿಸಿಕೊಂಡು ಬಂದ ಕಲ್ಲು. ಕೈಮಗ್ಗದ ಕಾಲದಲ್ಲಿ ಅವ್ವ ಇದೇ ಕಲ್ಲಿನ ಮೇಲೆ ಕುಳಿತು ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ಪಕ್ಕದಲ್ಲಿ ಹೊಸ ಮದುವಣಗಿತ್ತಿ ಮುತ್ತವ್ವ ಕಲಿಯುತ್ತಿದ್ದಳು. ಅಪ್ಪ ಕದ್ದವನಲ್ಲ. ಆಗ ಓಣಿಯಲ್ಲಿ ದಿನಾ ಓಡಾಡುತ್ತಿದ್ದದ್ದು ಕತ್ತೆಗಳಷ್ಟೇ.

ಆ ಮುತ್ತವ್ವ ಈಗ ಗುಂಪಿನ ಹಿಂದಿನಿಂದ ಮುಂದೆ ಬಂದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿದ್ದಳು. "ಬಿಡೋ ತಮ್ಮಾ. ಕಟ್ಟಿ ಇರಲಿ. ನಾ ಸಾವಕಾರಗ ಕೈ ಮುಗೀತೇನಿ. ಹೆಂಗರ ಹೆಗಲಮ್ಯಾಲ ತರಿಸ್ತೇನಿ."

ನಗುವುದಾದರೆ ಊರೇ ನಗಲಿ, ಹೊಳಬಸಪ್ಪ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆದುಕೊಳ್ಳಲು ಆಗಲಿಲ್ಲ.

"ನೀ ಯಾಕ ಕೈ ಮುಗೀತಿ?" ಅವನು ಎಷ್ಟು ಜೋರಾಗಿ ಕೂಗಿದನೆಂದರೆ ಮುತ್ತವ್ವ ಒಂದು ಹೆಜ್ಜೆ ಹಿಂದೆ ಸರಿದಳು. "ಓಣಿ ನಿಂದೂ ಐತಿ! ಯಾರಿಗೂ ಕೈ ಮುಗಿಯೂ ಕೆಲಸಿಲ್ಲ! ಸಾತವ್ವಾ! ಹಾರಿ ತಾ!"

ಹೆಂಡತಿ ಸಾತವ್ವ ಬಾಗಿಲಲ್ಲೇ ನಿಂತಿದ್ದಳು. ಅವಳ ಕೈಯಲ್ಲಿ ಹಾರೆ ಆಗಲೇ ಇತ್ತು. ಮೂವತ್ತು ವರ್ಷ ಬಾಳ್ವೆ ಮಾಡಿದವಳು. ಗಂಡನ ಸಿಟ್ಟು ಯಾವ ಕಡೆ ತಿರುಗುತ್ತದೆ ಅಂತ ಅವನಿಗಿಂತ ಮೊದಲೇ ಬಲ್ಲಳು.

"ಕಾಕಾ, ನೋಟಿಸ್ ಬರೂತನಕ ಅವಸರಿಲ್ಲರಿ," ಅಂದಳು ಮೇಘಾ.

"ನಿಮ್ಮ ನೋಟಿಸ್ ಬರೂದ್ರಾಗ ಸೋಮವಾರ ಹೋಗಿರ್ತೈತಿ, ಯವ್ವಾ. ಕಾಯ್ದೆ ಹೇಳಂವ ನಾ. ನನಗ ಯಾರೂ ಕಾಯ್ದೆ ಬರದು ಕಳಸೂದು ಬ್ಯಾಡ."

ಪುಸ್ತಕ ಹೆಂಡತಿಯ ಕೈಗೆ ಕೊಟ್ಟು, ಬಿಳಿ ಅಂಗಿಯಲ್ಲೇ ಹಾರೆ ಎತ್ತಿದ. ಮೊದಲ ಏಟಿಗೆ ಕಿಡಿ ಹಾರಿತು, ಕಲ್ಲು ಅಲುಗಲಿಲ್ಲ. ಅಪ್ಪ ಗಟ್ಟಿಯಾಗಿ ಕಟ್ಟಿದ್ದ. ಎರಡನೆಯ ಏಟಿಗೆ ಸಂದಿನ ಗಚ್ಚು ಉದುರಿತು. ಯಾರೂ ನಗಲಿಲ್ಲ. ಐದಾರು ಏಟು ಆಗುವಷ್ಟರಲ್ಲಿ ಶಿವಾಜಿ ಅಂಗಿ ತೋಳು ಮಡಚಿಕೊಂಡು ಕೈ ಹಚ್ಚಿದ, ಇನ್ನಿಬ್ಬರು ಬಂದರು. ಮೇಲಿನ ದೊಡ್ಡ ಚಪ್ಪಡಿಯನ್ನು ಎತ್ತಿ ಎಲ್ಲಿ ಇಡುವುದು ಅಂತ ನಿಂತಾಗ ಸಾತವ್ವ ಹೇಳಿದಳು: "ಒಳಗ ಹಾಕ್ರಿ, ಮಗ್ಗದ ಬಾಜೂಕ. ಇನ್ನ ಕೋರ್ಟ್ ಒಳಗ ಕುಂಡ್ರಲಿ. ಮಂದಿಗೆಲ್ಲಾ ಚಾ ಹೊರಗ ಹೊತ್ತು ಹೊತ್ತು ನನಗ ಸಾಕಾಗೇತಿ."

ಈರಪ್ಪ ಆ ದಿನ ಕೈ ಹಚ್ಚಲಿಲ್ಲ, ಮರುದಿನ ಹೊರಗೂ ಬರಲಿಲ್ಲ. ಬಾಗಿಲು ಹಾಕಿಕೊಂಡು ಒಳಗೇ ಇದ್ದ. ರವಿವಾರ ಮಧ್ಯಾಹ್ನ ಕರೆಂಟ್ ಹೋಗಿ ಓಣಿಗೆ ಕಿವಿ ಬಂದಾಗ ಟಣ್ ಟಣ್ ಅಂತ ಸುತ್ತಿಗೆಯ ಸದ್ದು ಕೇಳಿತು. ಹೊಳಬಸಪ್ಪ ಹೊರಗೆ ಬಂದು ನೋಡಿದ. ಈರಪ್ಪ ಬನಿಯನ್ನಿನಲ್ಲಿ ಕುಕ್ಕರುಗಾಲಲ್ಲಿ ಕೂತು ತನ್ನ ಪಾವಟಿಗೆ ಒಡೆಯುತ್ತಿದ್ದ.

"ಏನ ನೋಡ್ತಿ?" ಅಂದ ಈರಪ್ಪ, ತಲೆ ಎತ್ತದೆ. "ನಿಂದ ಎರಡೂವರಿ ಹೋತು, ನಂದ ಒಂದ ಫೂಟ್ ಉಳದ್ರ ನಾಳಿ ಮಂದಿ ನನ್ನ ಮಾರಿ ಮ್ಯಾಲ ಉಗುಳ್ತಾರ. ನೀ ಸುಮ್ನ ಇರಾಕ ಬಿಡಂವ ಅಲ್ಲ, ವಕೀಲ."

ಈ ಸಲ ಆ ಹೆಸರು ಅವನ ಮೂಗಿನಿಂದ ಬರಲಿಲ್ಲ.

"ಹಂಗ ಹೊಡೀಬ್ಯಾಡ, ಮೂಲಿಗೆ ಹೊಡಿ," ಅಂತ ಬೈದು ಹೊಳಬಸಪ್ಪ ಹಾರೆ ತರಲು ಒಳಗೆ ಹೋದ.

ಸೋಮವಾರ ಹತ್ತು ಗಂಟೆಗೆ ಟೆಂಪೊ ಬಂತು. ಬೀಮು ಹಗ್ಗದಿಂದ ಬಿಗಿದಿತ್ತು. ಮುತ್ತವ್ವ ತನ್ನ ಹೊಸ್ತಿಲಲ್ಲಿ ನಿಂತಿದ್ದಳು. ಇಬ್ಬರು ಆಳುಗಳು ಕೆಲಸ ತಪ್ಪಿದ್ದಕ್ಕೆ ಸಂತೋಷಪಟ್ಟು ಬೀಡಿ ಹಚ್ಚಿದ್ದರು. ಹೊಳಬಸಪ್ಪ ಓಣಿಯ ನಡುವೆ ನಿಂತು ಕೈ ಬೀಸಿದ: "ಬರ್ಲಿ! ಬರ್ಲಿ!"

ಕಟ್ಟೆ ಇದ್ದ ಜಾಗದಲ್ಲಿ ಗೋಡೆಯ ಬುಡಕ್ಕೆ ಒಂದು ಬಿಳಿ ಪಟ್ಟಿ ಮಾತ್ರ ಉಳಿದಿತ್ತು. ಐವತ್ತು ವರ್ಷ ಬಿಸಿಲು ಕಾಣದ ಗೋಡೆ. ಡ್ರೈವರ್ ಹಳೆಯ ರೂಢಿಯಂತೆ ಅಲ್ಲಿಗೆ ಬಂದೊಡನೆ ಗಾಡಿ ನಿಧಾನ ಮಾಡಿದ, ಬಾಗಿಲಿನ ಪಕ್ಕದ ಕನ್ನಡಿಯನ್ನು ಒಳಗೆ ಮಡಚಲು ಕೈ ಹಾಕಿದ.

"ಕನ್ನಡಿ ಯಾಕ ಮಡಚ್ತಿಯೋ?" ಹೊಳಬಸಪ್ಪ ಎದೆ ಉಬ್ಬಿಸಿ ಕೂಗಿದ. "ತೆರಿ! ಪೂರಾ ತೆರಿ! ಒಂಬತ್ತ ಫೂಟಿನ ಓಣಿ ಐತಿ ಇದು!"