ಚಾವಡಿ ಮುಂದಿನ ಚಪ್ಪಲಿ

ಊರಿನ ಎಲ್ಲರ ಕಾಲಿಗೂ ಚಪ್ಪಲಿ ಹೊಲಿದವನು ನಾನು, ಏಕನಾಥ. ಆದರೆ ಪಾಟೀಲರ ಚಾವಡಿಯ ಮುಂದೆ ಅವನ್ನು ಮೆಟ್ಟಿ ನಡೆಯುವ ಹಕ್ಕು ನಮ್ಮ ಕೇರಿಯವರಿಗೆ ಇರಲಿಲ್ಲ. ಬೇವಿನ ಮರ ಬಂತೆಂದರೆ ಬಿಚ್ಚಿ ಕೈಯಲ್ಲಿ ಹಿಡಿಯಬೇಕು, ಚಾವಡಿ ದಾಟಿದ ಮೇಲೆ ಹಾಕಿಕೊಳ್ಳಬೇಕು. ನನ್ನಪ್ಪ ಹಾಗೇ ನಡೆದು ಸತ್ತ. ನಾನೂ ಹೆಂಡತಿಯೂ ಕ್ರೈಸ್ತರಾದ ಮೇಲೂ ಹಾಗೇ ನಡೆದೆವು.

ನಿಜಾಮರ ರಾಜ್ಯ ಹೋದ ಮರುವರ್ಷ ಹುಮನಾಬಾದಿನಿಂದ ಜೀಪಿನಲ್ಲಿ ಒಬ್ಬ ಸಾಹೇಬ ಬಂದ. ಅದೇ ಚಾವಡಿಯ ಕಟ್ಟೆಯ ಮೇಲೆ ನಿಂತು, "ನೀವು ಇನ್ನು ಯಾರ ಆಳೂ ಅಲ್ಲ. ಹಿಂದುಸ್ತಾನದ ನಾಗರಿಕರು, ಎಲ್ಲರೂ ಸಮ" ಎಂದ. ನಾವು ಚಪ್ಪಲಿ ಕಂಕುಳಲ್ಲಿಟ್ಟುಕೊಂಡು ಚಪ್ಪಾಳೆ ತಟ್ಟಿದೆವು.

ಆ ಮಳೆಗಾಲ ನನ್ನ ಹೆಂಡತಿ ಶೇವಂತಾಬಾಯಿಯ ಅಂಗಾಲು ಹುಣ್ಣಾಗಿ ಕೀವು ಸೋರತೊಡಗಿತು. ಬರಿಗಾಲಲ್ಲಿ ಕೆಸರು ತುಳಿದರೆ ಕಾಲೇ ಹೋಗುತ್ತದೆ ಎಂದು ಮಿಶನ್ ದವಾಖಾನೆಯ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದಳು. ಕಲ್ಯಾಣದ ಪೇಟೆಯಿಂದ ಮೆತ್ತನೆಯ ತೊಗಲು ತಂದು ಹೊಸ ಚಪ್ಪಲಿ ಹೊಲಿದುಕೊಟ್ಟೆ. ಆದರೂ ಪ್ರತಿ ರವಿವಾರ ಚರ್ಚಿಗೆ ಹೋಗುವಾಗ ಈ ಪುಣ್ಯಾತ್ಗಿತ್ತಿ ಬೇವಿನ ಮರದ ಕೆಳಗೆ ಅದನ್ನು ಬಿಚ್ಚಿಯೇ ಬಿಡುತ್ತಿದ್ದಳು. ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು.

ಒಂದು ರವಿವಾರ ಮತ್ತೆ ಬಗ್ಗಿದಳು. ನನಗೆ ಪಿತ್ತ ನೆತ್ತಿಗೇರಿತು.

"ಏ, ಕಾಲು ಕಳಕೋತೀ ಏನು? ಸಾಹೇಬ ಹೇಳಿದ್ದು ಕೇಳಿಲ್ಲೇನು? ಅದಕ್ಕೂ ಮೊದಲ, ತಲಿ ಮ್ಯಾಲ ನೀರು ಹಾಕಿದಾಗ ಪಾದ್ರಿಯವರು ಏನಂದಿದ್ರು? ದೇವರ ಮಗಳು ಅಂದಿದ್ರಿಲ್ಲೋ? ದೇವರ ಮಗಳು ಯಾರಿಗೆ ಅಂಜಬೇಕು?"

ಅವಳು ದಣಿದ ಕಣ್ಣೆತ್ತಿ ನನ್ನನ್ನು ನೋಡಿದಳು.

"ನಿಮ್ಮ ಕೈ ನೋಡ್ಕೋರಿ," ಎಂದಳು.

ನೋಡಿಕೊಂಡೆ. ನನ್ನ ಚಪ್ಪಲಿ ನನ್ನ ಕೈಯಲ್ಲಿತ್ತು. ಬೈಯುತ್ತ ಬೈಯುತ್ತ ಯಾವಾಗ ಬಿಚ್ಚಿದೆನೋ, ದೇವರಾಣೆಗೂ ಗೊತ್ತಾಗಲಿಲ್ಲ.

ಅಲ್ಲೇ ಮರದ ಬುಡದಲ್ಲಿ ಕುಸಿದು ಕುಳಿತೆ. ಸರ್ಕಾರ ನಾಗರಿಕ ಎಂದಿತ್ತು, ಅದಕ್ಕೂ ಎಷ್ಟೋ ಮೊದಲು ಯೇಸು ಮಗನೇ ಎಂದಿದ್ದ. ಎರಡನ್ನೂ ಬಿಟ್ಟಿಯಾಗಿ ಇಸಿದುಕೊಂಡಿದ್ದೆ. ಕೊಟ್ಟವರ ಮಾತನ್ನು ಮಾತ್ರ ನಂಬಿರಲಿಲ್ಲ.

"ನಡಿ, ಇಬ್ಬರೂ ಹಾಕ್ಕೊಂಡು ಹೋಗೋಣು," ಎನ್ನುತ್ತ ಎದ್ದೆ.

"ಹೊಡದ್ರ?"

"ಹೊಡೀಲಿ. ನಂಗೂ ಅಂಜಿ ಅಂಜಿ ಸಾಕಾಗೇದ."

ಕಟ್ಟೆಯ ಮೇಲೆ ಪಾಟೀಲರು ಕುಳಿತಿದ್ದರು. ನಾನು ಚಪ್ಪಲಿ ಮೆಟ್ಟಿಯೇ ಅವರ ಮುಂದೆ ನಡೆದೆ. ಶೇವಂತಾಬಾಯಿ ನನ್ನ ತೋಳು ಹಿಡಿದು ಕುಂಟುತ್ತ ಬಂದಳು. ಪಾಟೀಲರು ನಮ್ಮ ಕಾಲು ನೋಡಿದರು, ಆಮೇಲೆ ಮುಖ ನೋಡಿದರು.

"ಭಾಳ ಸೊಕ್ಕು ಬಂದದಲ್ಲೋ ಏಕ್ಯಾ."

"ಆಕೀ ಕಾಲಿಗೆ ಹುಣ್ಣಾಗೇದ್ರಿ," ಎಂದೆ.

ಥೂ, ಮತ್ತೆ ನೆಪ! ನಾಲ್ಕು ಹೆಜ್ಜೆ ಹೋದವನು ನಿಂತು ತಿರುಗಿದೆ. "ನನ್ನ ಕಾಲಿಗೇನೂ ಆಗಿಲ್ಲರಿ," ಎಂದೆ.

ಅವರು ಕ್ಯಾಕರಿಸಿ ಉಗುಳಿದರು. ನಾವು ಮುಂದೆ ನಡೆದೆವು.

ಚರ್ಚಿನ ಬಾಗಿಲಲ್ಲಿ ಶೇವಂತಾಬಾಯಿ ನನ್ನ ಹೆಗಲ ಮೇಲೆ ಕೈಯಿಟ್ಟು ನಿಧಾನವಾಗಿ ಚಪ್ಪಲಿ ಬಿಚ್ಚಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಯಾಕ, ನೋಯಾಕತ್ತದೇನು?"

"ಇಲ್ರೀ. ಇಲ್ಲಿ ಬಿಚ್ಚು ಅಂತ ಯಾರೂ ಅಂದಿಲ್ಲ. ನಾನಾಗೇ ಬಿಚ್ಚಾಕತ್ತೇನಿ."