ಹೊಗೆಕೊಳವೆ ತಗುಲಿದ ಸೇತುವೆ

ಮೀಸೆ ನರೆತಿದ್ದರೂ ಅಕ್ಕನಿಗೆ ಅವನು ಇನ್ನೂ ಪುಟ್ಟನೇ. ಲಿಫ್ಟು ರಿಪೇರಿ ಮಾಡುವವನು. ನೆಟ್ಟಗೆ ಮೇಲೆ, ನೆಟ್ಟಗೆ ಕೆಳಗೆ, ಅಷ್ಟೇ ಅವನ ಲೋಕ. ಇಳಿಜಾರಿನ ಗಂಧಗಾಳಿ ಗೊತ್ತಿಲ್ಲ. ಆದರೂ ಹಾಸಿಗೆ ಹಿಡಿದ ಅಕ್ಕನ ಮಂಚದವರೆಗೆ ರೈಲು ಬಿಡುತ್ತೇನೆಂದು, ಒಂದಕ್ಕೊಂದು ಕಚ್ಚಿಕೊಳ್ಳುವ ಆಟಿಕೆ ಇಟ್ಟಿಗೆಗಳನ್ನು ಸುರುವಿಕೊಂಡು ಕೂತಿದ್ದ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ, ಹೊಲಿಗೆಯ ಮೊದಲ ಸಂಪಾದನೆಯಿಂದ ಅಕ್ಕ ಅವನಿಗೆಂದು ತಂದಿದ್ದ ರೈಲು ಅದು.

ನಡುಮನೆಯಿಂದ ಹೊರಟ ಹಳಿ ಕೋಣೆಯ ಹೊಸ್ತಿಲು ಹತ್ತಿ ಇಳಿಯಬೇಕು. ಕಂಬದಿಂದ ಕಂಬಕ್ಕೆ ಎರಡೆರಡು ಇಟ್ಟಿಗೆ ಏರಿಸಿದ. ಎಂಜಿನ್ನು ಅರ್ಧದಲ್ಲೇ ಜಾರಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಕ್ಕ ಮಲಗಿದಲ್ಲಿಂದಲೇ ನಕ್ಕು, ಒಂದೊಂದೇ ತೆಳು ಇಟ್ಟಿಗೆ ಏರಿಸಲು ಹೇಳಿದಳು. ಹಾಗೇ ಮಾಡಿದ. ಹತ್ತಿತು.

ಕೋಣೆಯೊಳಗೆ ಹೊಲಿಗೆ ಮೆಷಿನ್ನಿಗೂ ಕಪಾಟಿಗೂ ನಡುವೆ ಜಾಗ ಕಿರಿದು. ಹಾಗಾಗಿ ಮಂಚಕ್ಕೆ ಬರುವ ಹಳಿ ಕೆಳಗೆ, ಮರಳುವ ಹಳಿ ಅದರ ಮೇಲೆ ಸೇತುವೆಯಾಗಿ ಹಾಯ್ದಿತು. ಎಂಜಿನ್ನಿನ ಎತ್ತರ ಅಳೆದೇ ಸೇತುವೆ ಕಟ್ಟಿದ್ದ. ಆದರೆ ಅಳೆದದ್ದು ನೆಲದ ಮೇಲಿಟ್ಟು. ಹಳಿಯ ದಪ್ಪ ಮರೆತೇಬಿಟ್ಟಿದ್ದ. ಅಕ್ಕನ ಕನ್ನಡಕ ಹೊತ್ತು ಬಂದ ರೈಲು, ಹೊಗೆಕೊಳವೆ ಸೇತುವೆಗೆ ಬಡಿದು ನಿಂತಿತು.

"ಕೊಳವೆ ಕಿತ್ತುಬಿಡೋ ಪುಟ್ಟ. ರೈಲು ಇಲ್ಲೀವರೆಗೂ ಬರೋದು ನೋಡ್ಬೇಕು ನಾನು, ಅಷ್ಟೇ," ಎಂದಳು ಅಕ್ಕ.

ಚಿಕ್ಕಂದಿನಲ್ಲೂ ಹೀಗೇ ಆಗಿ ಅಕ್ಕ ಕೊಳವೆ ಕಿತ್ತಿದ್ದಳು. ಅವನು ಮುನಿಸಿಕೊಂಡು ಊಟ ಬಿಟ್ಟಿದ್ದ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಅವನ ಹಟ ವಯಸ್ಸಿನೊಂದಿಗೆ ಬೆಳೆದಿತ್ತೇ ಹೊರತು ಕರಗಿರಲಿಲ್ಲ.

"ಕೊಳವೆ ಇಲ್ದೇ ಅದೆಂಥ ಎಂಜಿನ್ನಕ್ಕ? ನಾಳೆ ಸೇತುವೆನೇ ಎತ್ತರ ಮಾಡ್ತೀನಿ, ತಡ್ಕೋ."

ಸೇತುವೆ ಏರಿದರೆ ಅದರತ್ತ ಹತ್ತುವ ಕಂಬಗಳನ್ನೆಲ್ಲ ಮತ್ತೆ ಕಟ್ಟಬೇಕು. ಅಕ್ಕ ವಾದಿಸಲಿಲ್ಲ. ಕನ್ನಡಕ ಬೋಗಿಯಲ್ಲೇ ಇರಲಿ, ನಾಳೆ ರೈಲಲ್ಲೇ ತರಿಸಿಕೊಳ್ಳುತ್ತೇನೆ ಎಂದು ಗೋಡೆಯ ಕಡೆ ಹೊರಳಿದಳು.

ಮರುದಿನ ಅವನು ಕೆಲಸದಿಂದ ಬರುವಾಗ ಪಕ್ಕದ ಮನೆಯಾಕೆ ಬಾಗಿಲಲ್ಲಿ ಕಾಯುತ್ತಿದ್ದಳು. ಅಕ್ಕ ಮಧ್ಯಾಹ್ನವೇ ಹೋಗಿಬಿಟ್ಟಿದ್ದಳು.

ಬಂದವರೆಲ್ಲ ಮರಳಿದ ಮೇಲೆ ಅವನು ಸೇತುವೆಯ ಮುಂದೆ ಕೂತ. ಕಂಬ ಎತ್ತರಿಸಲು ಕೈ ಏಳಲಿಲ್ಲ. ಈಗ ಕಟ್ಟಲು ಬೇಕಾದಷ್ಟು ಹೊತ್ತಿದೆಯಲ್ಲ ಎನಿಸಿತು. ಕೊನೆಗೆ ಎರಡು ಬೆರಳಲ್ಲಿ ಹಿಡಿದು ಕೊಳವೆ ಎಳೆದ. ಅದು ಸುಮ್ಮನೆ ಕೈಗೆ ಬಂತು. ಅಷ್ಟು ಸುಲಭವಿತ್ತು. ಅವನು ಬಿಕ್ಕಿ ಬಿಕ್ಕಿ ಅತ್ತ.

ಗುಂಡಿ ಒತ್ತಿದ. ರೈಲು ಸೇತುವೆಯಡಿ ಸಲೀಸಾಗಿ ನುಸುಳಿ, ಮಂಚದ ಬಳಿ ಬಂತು.

"ಅಕ್ಕಾ, ಬಂತು ನೋಡೇ."

ಕನ್ನಡಕ ಎತ್ತಿಕೊಳ್ಳುವವರಿಲ್ಲದೆ ರೈಲು ಮಂಚದ ಬದಿಯಲ್ಲೇ ತಿರುಗಿ, ಸೇತುವೆ ಹತ್ತಿ ಮರಳಿತು. ಮತ್ತೆ ಬಂತು. ಬ್ಯಾಟರಿ ಮುಗಿಯುವವರೆಗೂ ಅವನು ಅದನ್ನು ನಿಲ್ಲಿಸಲಿಲ್ಲ.